ಬಾಡಿಗೆ ಹಾಡು, ಬಾಡಿಗೆ ಕಾರು: ಹಳೆಯ ಗೇಮ್‌ಗಳು ಅಂಗಡಿಯಿಂದ ಮರೆಯಾಗುವುದೇಕೆ?

2017ರ ಮೇ ತಿಂಗಳಲ್ಲಿ ಫಿನ್‌ಲೆಂಡಿನ ರೆಮಿಡಿ ಕಂಪನಿ ತನ್ನ 'ಅಲನ್ ವೇಕ್' ಗೇಮನ್ನು ಶೇಕಡ 90ರಷ್ಟು ರಿಯಾಯಿತಿಯಲ್ಲಿ ಮಾರಾಟಕ್ಕಿಟ್ಟಿತು. ಹಬ್ಬದ ಕೊಡುಗೆಯೇನೂ ಅದಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಮಾರಾಟ ನಿಲ್ಲುತ್ತದೆ, ಬೇಕಾದವರು ಈಗಲೇ ಕೊಂಡಿಟ್ಟುಕೊಳ್ಳಿ ಎಂದು ಕಂಪನಿಯೇ ಹೇಳಿತ್ತು. ಹೇಳಿದಂತೆಯೇ ಮೇ 15ರ ಹೊತ್ತಿಗೆ ಸ್ಟೀಮ್ ಎಂಬ ದೊಡ್ಡ ಡಿಜಿಟಲ್ ಅಂಗಡಿಯಲ್ಲಿ ಆ ಗೇಮಿನ ಪುಟ ಉಳಿಯಿತು, ಕೊಳ್ಳುವ ಗುಂಡಿ ಮಾಯವಾಯಿತು. ಗೇಮ್ ಕೆಟ್ಟಿರಲಿಲ್ಲ. ಬೇಡಿಕೆಯೂ ಕುಸಿದಿರಲಿಲ್ಲ. ಅದರಲ್ಲಿದ್ದ ಹಾಡುಗಳ ಲೈಸೆನ್ಸ್ ಅವಧಿ ಮುಗಿದಿತ್ತು, ಅಷ್ಟೇ.

ಹಳೆಯ ಗೇಮ್‌ಗಳು ಮಾರಾಟದಿಂದ ಕಾಣೆಯಾದಾಗ ಬಹಳಷ್ಟು ಜನ ಅಂಗಡಿಯನ್ನು ಬೈಯುತ್ತಾರೆ. ಹೆಚ್ಚಿನ ಸಲ ಅಂಗಡಿಯ ಪಾತ್ರ ಅದರಲ್ಲಿ ತೀರಾ ಚಿಕ್ಕದು. ಗೇಮ್ ಬಿಡುಗಡೆಗೂ ಮೊದಲು, ಎಲ್ಲೋ ವಕೀಲರ ಕೋಣೆಯಲ್ಲಿ ಸಹಿಯಾದ ಕರಾರುಪತ್ರದಲ್ಲೇ ಅದು ಅಂಗಡಿಯಿಂದ ಇಳಿಯುವ ದಿನವೂ ನಿಗದಿಯಾಗಿರುತ್ತದೆ. ಅದು ಹೇಗೆಂದು ತಿಳಿಯಲು ಅಲನ್ ವೇಕ್ ಒಳ್ಳೆಯ ಉದಾಹರಣೆ.

ಈ ಗೇಮ್ 2010ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ, 2012ರಲ್ಲಿ ಕಂಪ್ಯೂಟರಿಗೆ ಬಂತು. ಕಥೆ ಟಿ.ವಿ. ಧಾರಾವಾಹಿಯ ಹಾಗೆ ಕಂತುಗಳಲ್ಲಿ ಸಾಗುತ್ತದೆ. ಪ್ರತಿ ಕಂತು ಮುಗಿದಾಗ ಪರದೆ ಕಪ್ಪಾಗಿ ಒಂದು ಹಾಡು ಕೇಳಿಬರುತ್ತದೆ. ರಾಯ್ ಆರ್ಬಿಸನ್, ನಿಕ್ ಕೇವ್, ಕೊನೆಗೆ ಡೇವಿಡ್ ಬೋವಿ ಹೀಗೆ ಎಲ್ಲವೂ ಹೆಸರಾಂತ ಗಾಯಕರ ಹಾಡುಗಳು. ಅವು ಹಿನ್ನೆಲೆಯಲ್ಲಿ ಸುಮ್ಮನೆ ಗುನುಗುವ ಹಾಡುಗಳಲ್ಲ. ಕಂತಿನ ಭಾವವೆಲ್ಲ ಅಲ್ಲಿಗೆ ಬಂದು ನಿಲ್ಲುತ್ತದೆ. ತೆಗೆದುಹಾಕಿ ಬೇರೊಂದನ್ನು ಕೂರಿಸಿದರೆ ಗೇಮೇ ಬೇರೆಯಾಗುತ್ತದೆ.

ಇಂಥ ಒಂದು ಹಾಡನ್ನು ಗೇಮಿನಲ್ಲಿ ಬಳಸಬೇಕಾದರೆ ಕನಿಷ್ಠ ಎರಡು ಹಕ್ಕುಗಳು ಬೇಕು. ಸಾಹಿತ್ಯ ಮತ್ತು ರಾಗದ ಹಕ್ಕು ಒಂದು, ಅದನ್ನು ಹಾಡಿ ಮುದ್ರಿಸಿದ ಧ್ವನಿಯ ಹಕ್ಕು ಇನ್ನೊಂದು. ಇವೆರಡೂ ಸಾಮಾನ್ಯವಾಗಿ ಬೇರೆ ಬೇರೆ ಕಂಪನಿಗಳ ಕೈಯಲ್ಲಿರುತ್ತವೆ. ನಮ್ಮ ಸಿನಿಮಾದಲ್ಲಿ ಆಡಿಯೋ ಹಕ್ಕು, ಸ್ಯಾಟಲೈಟ್ ಹಕ್ಕು, ಡಬ್ಬಿಂಗ್ ಹಕ್ಕು ಎಂದು ಒಂದೇ ಚಿತ್ರ ತುಂಡು ತುಂಡಾಗಿ ಮಾರಾಟವಾಗುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಶಾಶ್ವತ ಹಕ್ಕಿಗೆ ಬೆಲೆ ಹೆಚ್ಚು, ಇಂತಿಷ್ಟು ವರ್ಷಕ್ಕೆಂದರೆ ಕಡಿಮೆ. ಆಗಿನ ದಿನಗಳಲ್ಲಿ ಗೇಮ್ ಎಂದರೆ ಡಿಸ್ಕಿನಲ್ಲಿ ಬರುವ ಸರಕು. ಬಿಡುಗಡೆಯಾದ ಒಂದೆರಡು ವರ್ಷದಲ್ಲಿ ಮಾರಾಟ ತಣ್ಣಗಾಗುತ್ತಿತ್ತು, ಅಂಗಡಿಯವರು ಉಳಿದ ಡಬ್ಬಿಗಳನ್ನು ಅರ್ಧ ಬೆಲೆಗೆ ಕೊಟ್ಟು ಮುಗಿಸುತ್ತಿದ್ದರು. ಏಳೆಂಟು ವರ್ಷ ಆದಮೇಲೂ ಯಾರೋ ಕೊಳ್ಳುತ್ತಾರೆಂದು ನಂಬಿ ಹೆಚ್ಚು ಹಣ ತೆರಲು ಯಾವ ಲೆಕ್ಕಿಗನೂ ಒಪ್ಪುತ್ತಿರಲಿಲ್ಲ.

ಡಿಜಿಟಲ್ ಅಂಗಡಿ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಡಿಸ್ಕ್ ಆದರೆ ಲೈಸೆನ್ಸ್ ಜಾರಿಯಲ್ಲಿದ್ದಾಗ ಅಚ್ಚಾಗಿ ಹೊರಗೆ ಬಿದ್ದಿರುತ್ತದೆ. ಆಮೇಲೆ ಅದು ಹಳೆಯ ಪುಸ್ತಕದಂಗಡಿಗೆ ಹೋದರೂ, ಕೈಯಿಂದ ಕೈಗೆ ದಾಟಿದರೂ ಹಾಡಿನ ಹಕ್ಕುದಾರರು ಕೇಳುವಂತಿಲ್ಲ. ಡೌನ್‌ಲೋಡಿನಲ್ಲಿ ಹಾಗಲ್ಲ. ಇವತ್ತು ಒಬ್ಬರು ಹಣ ಕೊಟ್ಟರೆ ಇವತ್ತೇ ಹೊಸದೊಂದು ಪ್ರತಿ ಮಾರಾಟವಾದಂತೆ. ಹಾಗಾಗಿ ಹಾಡಿನ ಲೈಸೆನ್ಸ್ ಇವತ್ತಿಗೂ ಜಾರಿಯಲ್ಲಿರಬೇಕು. ಅವಧಿ ಮೀರಿದ ಮರುದಿನ ಒಂದೇ ಒಂದು ಪ್ರತಿ ಮಾರಿದರೂ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ. ಡಿಜಿಟಲ್ ಅಂಗಡಿಯಲ್ಲಿ ಜಾಗಕ್ಕೆ ಬರವಿಲ್ಲ, ಸರಕು ಕೊಳೆಯುವುದಿಲ್ಲ. ಆದರೂ ಗೇಮ್ ಕೆಳಗಿಳಿಯುವುದು ಈ ಕಾರಣಕ್ಕೆ.

ಅಲನ್ ವೇಕ್ ಮಟ್ಟಿಗೆ ಕಥೆ ಸುಖಾಂತ. ಮೈಕ್ರೋಸಾಫ್ಟ್ ನೆರವಿನಿಂದ ಹಾಡುಗಳ ಕರಾರು ಹೊಸದಾಗಿ, 2018ರ ಅಕ್ಟೋಬರಿನಲ್ಲಿ ಗೇಮ್ ಮತ್ತೆ ಮಾರಾಟಕ್ಕೆ ಬಂತು. 2021ರಲ್ಲಿ ಅದರ ಪರಿಷ್ಕೃತ ಆವೃತ್ತಿಯೂ ಬಂತು. ಬೆನ್ನಿಗೆ ದೊಡ್ಡ ಕಂಪನಿ, ಆಸಕ್ತಿ ಕಳೆದುಕೊಳ್ಳದ ಅಭಿಮಾನಿಗಳು, ಮುಂದಿನ ಭಾಗ ಮಾಡುವ ಹಂಬಲ ಮೂರೂ ಇದ್ದುದರಿಂದ ಇದು ಸಾಧ್ಯವಾಯಿತು. ಎಲ್ಲ ಗೇಮ್‌ಗಳಿಗೂ ಆ ಭಾಗ್ಯವಿಲ್ಲ. 2012ರ 'ಸ್ಪೆಕ್ ಆಪ್ಸ್: ದಿ ಲೈನ್' ಯುದ್ಧದ ಕ್ರೌರ್ಯವನ್ನು ಆಟಗಾರನ ಆತ್ಮಸಾಕ್ಷಿಗೇ ತಟ್ಟುವಂತೆ ತೋರಿಸಿದ ಅಪರೂಪದ ಕೃತಿ. 2024ರ ಜನವರಿ ಕೊನೆಯಲ್ಲಿ, ಪಾಲುದಾರರ ಲೈಸೆನ್ಸ್‌ಗಳು ಮುಗಿದವು ಎಂಬ ಒಂದು ಸಾಲಿನ ವಿವರಣೆಯೊಂದಿಗೆ, ಅದು ಅಂಗಡಿಗಳಿಂದ ಹೊರಬಿತ್ತು.

ಹಾಡಿನ ನಂತರದ ದೊಡ್ಡ ತೊಡಕು ಕಾರಿನದು. ರೇಸಿಂಗ್ ಗೇಮಿನಲ್ಲಿ ಓಡುವ ಫೆರಾರಿ, ಪೋರ್ಶೆ, ಟೊಯೊಟಾ ಎಲ್ಲಕ್ಕೂ ಆಯಾ ಕಂಪನಿಯ ಅನುಮತಿ ಬೇಕು. ಹೆಸರು, ಲಾಂಛನ, ಮೈಕಟ್ಟು ಎಲ್ಲವೂ ಅವರ ಸೊತ್ತು. 'ಫೋರ್ಜಾ ಹೊರೈಜನ್' ಸರಣಿಯ ಒಂದೊಂದು ಗೇಮಿನಲ್ಲಿ ನೂರಾರು ಕಾರುಗಳು, ಜೊತೆಗೆ ರೇಡಿಯೊ ಚಾನೆಲ್‌ಗಳ ತುಂಬ ಹಾಡುಗಳು. ಇಷ್ಟೊಂದು ಕರಾರುಗಳನ್ನು ಹತ್ತಾರು ಕಂಪನಿಗಳ ಜೊತೆ ಒಂದೊಂದಾಗಿ ನವೀಕರಿಸುವುದಕ್ಕಿಂತ ಮುಂದಿನ ಗೇಮ್ ಮಾಡುವುದೇ ಪ್ರಕಾಶಕರಿಗೆ ಅಗ್ಗ. ಹಾಗಾಗಿ ಈ ಸರಣಿಯ ಗೇಮ್‌ಗಳಿಗೆ ಹೆಚ್ಚುಕಡಿಮೆ ಗೊತ್ತಾದ ಆಯುಸ್ಸಿದೆ. 2016ರ ಮೂರನೆಯ ಭಾಗ 2020ರ ಸೆಪ್ಟೆಂಬರಿನಲ್ಲಿ ಮಾರಾಟ ನಿಲ್ಲಿಸಿತು. 2018ರ ನಾಲ್ಕನೆಯ ಭಾಗ 2024ರ ಡಿಸೆಂಬರ್ 15ರಂದು ಅದೇ ದಾರಿ ಹಿಡಿಯಿತು. ನಾಲ್ಕನೆಯ ಭಾಗದ ವಿಷಯದಲ್ಲಿ ಮೆಚ್ಚಬೇಕಾದ ಒಂದು ಮಾತಿದೆ. ಸುಮಾರು ಆರು ತಿಂಗಳು ಮುಂಚೆಯೇ ದಿನಾಂಕ ಪ್ರಕಟಿಸಿ, ನಡುವೆ ಭಾರಿ ರಿಯಾಯಿತಿಯನ್ನೂ ಕೊಟ್ಟರು. ಕೊಂಡವರು ಆಮೇಲೂ ಆಡಬಹುದು ಎಂದು ಸ್ಪಷ್ಟವಾಗಿ ತಿಳಿಸಿದರು. ಹೇಳದೆ ಕೇಳದೆ ಪುಟ ಕಿತ್ತುಹಾಕುವವರು ಇವರನ್ನು ನೋಡಿ ಕಲಿಯಬೇಕು.

ಫೋರ್ಜಾ ಸರಣಿಯ ಜೊತೆ ನಮ್ಮ ಊರಿನ ನಂಟೂ ಇದೆ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಈ ಸರಣಿಗೂ ಕೆಲಸ ಮಾಡಿದ್ದರು. ಆ ಸಂಸ್ಥೆ 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿಯ ಪಾಲಾಯಿತು. ಹೀಗೆ ದೂರದ ಲೈಸೆನ್ಸ್ ಒಂದು ಮುಗಿದಾಗ, ಬೆಂಗಳೂರಿನ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಕೂತು ತಿದ್ದಿದ ಕೆಲಸವೂ ಹೊಸ ಆಟಗಾರರ ಕಣ್ಣಿಗೆ ಬೀಳದಂತಾಗುತ್ತದೆ. ನಾನು ಮಾಡಿದ್ದು ಇದು ಎಂದು ತೋರಿಸಲು ಅವರಿಗೆ ಉಳಿಯುವುದು ಗೇಮಿನ ಕೊನೆಯಲ್ಲಿ ಓಡುವ ಹೆಸರುಪಟ್ಟಿ. ಆ ಗೇಮೇ ಸಿಗದಿದ್ದರೆ ಅದನ್ನು ನೋಡುವವರು ಯಾರು?

ಕಾಮಿಕ್ಸ್ ಮತ್ತು ಸಿನಿಮಾ ಪಾತ್ರಗಳ ಗೇಮ್‌ಗಳದ್ದೂ ಇದೇ ಪಾಡು. ಮಾರ್ವೆಲ್ ಪಾತ್ರದ 'ಡೆಡ್‌ಪೂಲ್' 2013ರಲ್ಲಿ ಬಂತು, 2014ರ ಆರಂಭದಲ್ಲಿ ಹೋಯಿತು, 2015ರಲ್ಲಿ ಮರಳಿತು, 2017ರಲ್ಲಿ ಮತ್ತೆ ಹೋಯಿತು. 'ಸ್ಕಾಟ್ ಪಿಲ್‌ಗ್ರಿಮ್' ಗೇಮ್ 2014ರ ಕೊನೆಯಲ್ಲಿ ಮರೆಯಾಗಿ, ಅಭಿಮಾನಿಗಳು ಆರು ವರ್ಷ ಬೆನ್ನುಬಿಡದೆ ಕೇಳಿದ ಮೇಲೆ 2021ರ ಜನವರಿಯಲ್ಲಿ ಬಂತು. ಕೆಲವೊಮ್ಮೆ ತಡೆಯುವ ವಸ್ತು ಊಹಿಸಲೂ ಆಗದಷ್ಟು ಸಣ್ಣದು. 'ಮೆಟಲ್ ಗೇರ್ ಸಾಲಿಡ್' ಸರಣಿಯ ಎರಡನೆಯ ಮತ್ತು ಮೂರನೆಯ ಭಾಗಗಳನ್ನು ಕೊನಾಮಿ ಕಂಪನಿ 2021ರ ನವೆಂಬರಿನಲ್ಲಿ ತಾತ್ಕಾಲಿಕವಾಗಿ ಹಿಂತೆಗೆದದ್ದು, ಅವುಗಳೊಳಗೆ ಬಳಸಿದ್ದ ಐತಿಹಾಸಿಕ ಸಾಕ್ಷ್ಯಚಿತ್ರಗಳ ತುಣುಕುಗಳ ಲೈಸೆನ್ಸ್ ನವೀಕರಿಸಬೇಕಿತ್ತು ಎಂಬ ಕಾರಣಕ್ಕೆ.

ಗೇಮನ್ನು ಪೂರ್ತಿ ಇಳಿಸುವ ಬದಲು ತಕರಾರಿನ ಭಾಗವನ್ನಷ್ಟೇ ಕತ್ತರಿಸಬಾರದೇ ಎಂದು ನೀವು ಕೇಳಬಹುದು. ಅದನ್ನೂ ಮಾಡುತ್ತಾರೆ. 2008ರ 'ಗ್ರ್ಯಾಂಡ್ ಥೆಫ್ಟ್ ಆಟೊ 4'ಕ್ಕೆ ಹತ್ತು ವರ್ಷ ತುಂಬಿದ 2018ರ ಏಪ್ರಿಲ್‌ನಲ್ಲಿ ರಾಕ್‌ಸ್ಟಾರ್ ಒಂದು ಅಪ್‌ಡೇಟ್ ಬಿಟ್ಟು ಹಲವು ಹಾಡುಗಳನ್ನು ತೆಗೆಯಿತು. ಗೇಮಿನ ನಾಯಕ ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ವಲಸೆ ಬಂದವನು. ಅವನ ಕಾರಿನ ರೇಡಿಯೊದಲ್ಲಿ ಬರುವ ರಷ್ಯನ್ ಚಾನೆಲ್ ಅವನ ಒಂಟಿತನಕ್ಕೆ ಜೊತೆಯಿದ್ದಂತಿತ್ತು. ಹೆಚ್ಚು ಪೆಟ್ಟು ಬಿದ್ದದ್ದು ಆ ಚಾನೆಲ್‌ಗೇ. ಹಳೆಯ ಹಾಡುಗಳ ಜಾಗಕ್ಕೆ ಬೇರೆ ಹಾಡುಗಳು ಬಂದವು. ಗೇಮ್ ಅಂಗಡಿಯಲ್ಲಿ ಉಳಿಯಿತು ನಿಜ, ಆದರೆ 2008ರಲ್ಲಿ ಜನ ಮೆಚ್ಚಿದ ಗೇಮ್ ಅದಲ್ಲ. ಕತ್ತರಿಸಿ ಮಾರುವುದಕ್ಕಿಂತ ಒಂದಷ್ಟು ದಿನ ಮಾರದೆ ಇಟ್ಟು, ಹಕ್ಕು ತಂದು ಪೂರ್ತಿ ಮಾರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಇದೇ ಗೇಮ್ ಎರಡು ವರ್ಷದ ಬಳಿಕ ಬೇರೊಂದು ಕಾರಣಕ್ಕೆ ಸಿಕ್ಕಿಬಿತ್ತು. 2020ರ ಆರಂಭದಲ್ಲಿ ಸ್ಟೀಮ್‌ನಲ್ಲಿ ಇದರ ಮಾರಾಟ ನಿಂತುಹೋಯಿತು. ಕಂಪ್ಯೂಟರ್ ಆವೃತ್ತಿಯನ್ನು ಕಟ್ಟುವಾಗ ಮೈಕ್ರೋಸಾಫ್ಟಿನ 'ಗೇಮ್ಸ್ ಫಾರ್ ವಿಂಡೋಸ್ ಲೈವ್' ಎಂಬ ವ್ಯವಸ್ಥೆಗೆ ಜೋಡಿಸಿದ್ದರು. ಕೊಂಡ ಪ್ರತಿಯೊಬ್ಬರಿಗೂ ಆ ವ್ಯವಸ್ಥೆಯ ಒಂದು ಕೀ ಬೇಕು. ಮೈಕ್ರೋಸಾಫ್ಟ್ ಆ ವ್ಯವಸ್ಥೆಯನ್ನು ಕೈಬಿಟ್ಟಿತ್ತು, ಹೊಸ ಕೀಗಳು ಹುಟ್ಟುವುದು ನಿಂತಿತ್ತು. ಕೀ ಇಲ್ಲದೆ ಗೇಮ್ ಮಾರಿದರೆ ಕೊಂಡವರು ಶುರು ಮಾಡುವುದು ಹೇಗೆ? ಕೊನೆಗೆ ಆ ಜೋಡಣೆಯನ್ನೇ ಬಿಚ್ಚಿ, ಹಲವರು ಕೂಡಿ ಆಡುವ ಭಾಗವನ್ನು ಕೈಬಿಟ್ಟು, ಮಾರ್ಚ್ ತಿಂಗಳಲ್ಲಿ ಮತ್ತೆ ತಂದರು. ಒಂದು ಗೇಮ್ ಇನ್ನೊಂದು ಕಂಪನಿಯ ಸಾಫ್ಟ್‌ವೇರಿಗೆ ಗಂಟುಬಿದ್ದರೆ ಅದು ಮುಳುಗುವಾಗ ಇದೂ ಮುಳುಗುತ್ತದೆ.

ಮೊಬೈಲ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ನಮ್ಮಲ್ಲಿ ಬಹುಪಾಲು ಜನ ಆಡುವುದು ಮೊಬೈಲ್‌ನಲ್ಲೇ ಆದ್ದರಿಂದ ಇದನ್ನು ಗಮನಿಸಬೇಕು. 2017ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಐಓಎಸ್ 11ರಲ್ಲಿ ಹಳೆಯ 32 ಬಿಟ್ ಆ್ಯಪ್‌ಗಳಿಗೆ ಬಾಗಿಲು ಮುಚ್ಚಿತು. ಯಾರಾದರೂ ಕೂತು ಹೊಸದಾಗಿ ತಿದ್ದಿ ಕೊಟ್ಟ ಗೇಮ್‌ಗಳಷ್ಟೇ ಬದುಕಿದವು. 2022ರಲ್ಲಿ, ವರ್ಷಗಟ್ಟಲೆ ಅಪ್‌ಡೇಟ್ ಆಗದ, ಡೌನ್‌ಲೋಡೂ ತೀರಾ ಕಡಿಮೆಯಿರುವ ಆ್ಯಪ್‌ಗಳನ್ನು ಅಂಗಡಿಯಿಂದ ತೆಗೆಯುವುದಾಗಿ ಅದೇ ಕಂಪನಿ ತಯಾರಕರಿಗೆ ಸೂಚನೆ ಕಳಿಸಿತು. ಆಕ್ಷೇಪ ಬಂದ ಮೇಲೆ ಗಡುವನ್ನು 30 ದಿನದಿಂದ 90 ದಿನಕ್ಕೆ ಹಿಗ್ಗಿಸಿತು. ಒಬ್ಬರೇ ಕೂತು ಮಾಡಿದ ಪುಟ್ಟ ಗೇಮ್ ಒಂದು ಮುಗಿದ ಕೃತಿ. ಅದಕ್ಕೆ ಅಪ್‌ಡೇಟಿನ ಅಗತ್ಯವೇ ಇರುವುದಿಲ್ಲ. ಅದನ್ನು ಪಾಳುಬಿದ್ದ ಆ್ಯಪ್ ಎಂದು ಎಣಿಸುವುದು ಅನ್ಯಾಯ.

ಕೆಲವೊಮ್ಮೆ ಅಂಗಡಿಗೇ ಬೀಗ ಬೀಳುತ್ತದೆ. ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಸಾಧನಗಳ ಅಂಗಡಿಯನ್ನು 2023ರ ಮಾರ್ಚ್ 27ರಂದು ಮುಚ್ಚಿತು. ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈ 29ರಂದು ಮುಚ್ಚಿತು. ಡಿಸ್ಕ್ ರೂಪದಲ್ಲಿ ಎಂದೂ ಬಾರದೆ ಅಲ್ಲಷ್ಟೇ ಸಿಗುತ್ತಿದ್ದ ಗೇಮ್‌ಗಳನ್ನು ಅಂದಿನಿಂದ ನ್ಯಾಯವಾಗಿ ಕೊಳ್ಳುವ ದಾರಿಯಿಲ್ಲ. ಪ್ಲೇಸ್ಟೇಷನ್ 3ರ ಅಂಗಡಿಯನ್ನೂ ಮುಚ್ಚುವುದಾಗಿ ಸೋನಿ 2021ರ ಮಾರ್ಚ್‌ನಲ್ಲಿ ಹೇಳಿತ್ತು. ಗ್ರಾಹಕರು ಗಟ್ಟಿಯಾಗಿ ವಿರೋಧಿಸಿದ್ದರಿಂದ ಮರು ತಿಂಗಳೇ ನಿರ್ಧಾರ ಬದಲಿಸಿತು. ಗ್ರಾಹಕರ ಮಾತಿಗೆ ಬೆಲೆಯಿಲ್ಲ ಎನ್ನುವವರು ಇದನ್ನು ನೆನಪಿಡಬೇಕು.

ಇನ್ನು ಯಾರ ಒತ್ತಾಯವೂ ಇಲ್ಲದೆ, ಬರೀ ವ್ಯಾಪಾರದ ಲೆಕ್ಕಕ್ಕೆ ತೆಗೆಯುವುದುಂಟು. ಹೊಸ ಆವೃತ್ತಿ ಬರುವಾಗ ಹಳೆಯದು ಅಗ್ಗದಲ್ಲಿ ಪಕ್ಕದಲ್ಲೇ ಕೂತಿದ್ದರೆ ಹೊಸದನ್ನು ಯಾರು ಕೊಳ್ಳುತ್ತಾರೆ ಎಂಬುದು ಅವರ ಎಣಿಕೆ. 2021ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಮೂರು ಹಳೆಯ ಗೇಮ್‌ಗಳನ್ನು ಒಟ್ಟಿಗೆ ಪರಿಷ್ಕರಿಸಿ ತರುವ ಮುನ್ನ ಮೂಲ ಆವೃತ್ತಿಗಳನ್ನು ಅಂಗಡಿಯಿಂದ ತೆಗೆದರು. ಹೊಸದು ದೋಷಗಳ ಮೂಟೆಯಾಗಿ ಬಂತು. ಆಟಗಾರರ ಸಿಟ್ಟಿಗೆ ಮಣಿದು ಮೂಲ ಗೇಮ್‌ಗಳನ್ನು ತಮ್ಮ ಅಂಗಡಿಯಲ್ಲಿ ಮರಳಿ ಕೊಡಬೇಕಾಯಿತು. ನಿಂಟೆಂಡೊ ಮಾಡಿದ್ದು ಇನ್ನೂ ವಿಚಿತ್ರ. ಮೂರು ಮಾರಿಯೊ ಗೇಮ್‌ಗಳ ಸಂಕಲನವನ್ನು 2020ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡುವಾಗಲೇ, ಇದು 2021ರ ಮಾರ್ಚ್ 31ರವರೆಗೆ ಮಾತ್ರ ಎಂದು ಘೋಷಿಸಿತು. ಹಾಡೂ ಅವರದೇ, ಪಾತ್ರವೂ ಅವರದೇ. ಇದಕ್ಕೆ ಬೇಕೆಂದೇ ಹುಟ್ಟಿಸಿದ ಅಭಾವ ಎನ್ನದೆ ಬೇರೆ ಹೆಸರಿಲ್ಲ.

ಹಕ್ಕು ಯಾರದೆಂದೇ ತಿಳಿಯದೆ ಡಿಜಿಟಲ್ ಅಂಗಡಿಯ ಮೆಟ್ಟಿಲನ್ನೇ ಹತ್ತದ ಗೇಮ್‌ಗಳೂ ಇವೆ. 2000ದಲ್ಲಿ ಬಂದ 'ನೋ ಒನ್ ಲಿವ್ಸ್ ಫಾರೆವರ್' ಬಲು ಮೆಚ್ಚುಗೆ ಪಡೆದ ಗೂಢಚಾರಿಕೆಯ ಗೇಮ್. ಹಳೆಯ ಗೇಮ್‌ಗಳಿಗೆ ಮರುಜೀವ ಕೊಡುವ ನೈಟ್‌ಡೈವ್ ಸ್ಟುಡಿಯೋಸ್ ಅದನ್ನು ಮತ್ತೆ ತರಲು ಹೊರಟಿತು. ಕಂಪನಿಗಳು ಒಂದನ್ನೊಂದು ಕೊಂಡು, ಮಾರಿ, ವಿಲೀನವಾಗಿ ಹಕ್ಕು ಮೂರು ದೊಡ್ಡ ಸಂಸ್ಥೆಗಳ ನಡುವೆ ಕಲಸಿಹೋಗಿತ್ತು. ತಮ್ಮ ಪಾಲೆಷ್ಟು ಎಂದು ಹುಡುಕಿ ನೋಡುವ ಶ್ರಮಕ್ಕೂ ಅವು ಮನಸ್ಸು ಮಾಡಲಿಲ್ಲ. ಆ ಪ್ರಯತ್ನ ಅಲ್ಲಿಗೇ ನಿಂತಿತು.

ಇಷ್ಟು ಕಾರಣಗಳಾದ ಮೇಲೆ ಕೊಂಡವರ ಗತಿ ಏನೆಂದು ನೋಡೋಣ. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಜನ ಕಲಸಿಕೊಳ್ಳುತ್ತಾರೆ. ಗೇಮ್ ಮಾರಾಟದಿಂದ ಇಳಿಯುವುದು ಒಂದು. ಕೊಂಡವರ ಖಾತೆಯಿಂದ ಹೋಗುವುದು ಇನ್ನೊಂದು. ಸರ್ವರ್ ಮುಚ್ಚಿ ಗೇಮ್ ಕೆಲಸವನ್ನೇ ನಿಲ್ಲಿಸುವುದು ಮತ್ತೊಂದು. ಮೊದಲನೆಯದರಿಂದ ಹಳೆಯ ಗ್ರಾಹಕರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮಾರಾಟ ನಿಂತ ಗೇಮನ್ನೂ ಸ್ಟೀಮ್‌ನಲ್ಲಿ ಕೊಂಡವರು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅವರು ಕೊಂಡ ಹೊತ್ತಿಗೆ ಹಾಡಿನ ಲೈಸೆನ್ಸ್ ಜಾರಿಯಲ್ಲಿತ್ತಲ್ಲ.

ಮೂರೂ ಒಟ್ಟಿಗೆ ಬಂದೆರಗಿದ್ದು ಯೂಬಿಸಾಫ್ಟ್‌ನ 'ದಿ ಕ್ರ್ಯೂ' ಗೇಮಿಗೆ. 2014ರಲ್ಲಿ ಬಂದ ಈ ಗೇಮಿನಲ್ಲಿ ಇಡೀ ಅಮೆರಿಕವನ್ನು ಕಿರಿದಾಗಿಸಿ ಕಟ್ಟಿದ್ದರು. ಒಂದು ಕರಾವಳಿಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬಹುದಿತ್ತು. ಒಬ್ಬರೇ ಆಡಿದರೂ ಕಂಪನಿಯ ಸರ್ವರ್ ಸಂಪರ್ಕ ಬೇಕೇ ಬೇಕಿತ್ತು. 2023ರ ಡಿಸೆಂಬರಿನಲ್ಲಿ ಮಾರಾಟ ನಿಂತಿತು, 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿತು. ಡಿಸ್ಕ್ ಇಟ್ಟುಕೊಂಡವರ ಕೈಯಲ್ಲೂ ಕೆಲಸಕ್ಕೆ ಬಾರದ ಬಿಲ್ಲೆ ಉಳಿಯಿತು. ಕೆಲ ದಿನಗಳಲ್ಲೇ ಕಂಪನಿ ಕೊಂಡವರ ಖಾತೆಯಿಂದ ಲೈಸೆನ್ಸನ್ನೂ ಹಿಂತೆಗೆಯತೊಡಗಿತು. ಹಣ ಕೊಟ್ಟು ಕೊಂಡ ವಸ್ತುವನ್ನು ಹೀಗೆ ಕಿತ್ತುಕೊಳ್ಳುವುದು ಕರಾರಿನ ಸಣ್ಣಕ್ಷರಗಳಲ್ಲಿ ಸರಿಯಿರಬಹುದು, ನ್ಯಾಯವಲ್ಲ.

ಆ ಸಿಟ್ಟಿನಿಂದಲೇ ಅಮೆರಿಕದ ಯೂಟ್ಯೂಬರ್ ರಾಸ್ ಸ್ಕಾಟ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಆಂದೋಲನ ಶುರುಮಾಡಿದರು. ಗೇಮನ್ನು ಸದಾ ಸರ್ವರ್ ಇಟ್ಟು ಸಾಕಿ ಎಂದು ಅವರು ಕೇಳುತ್ತಿಲ್ಲ. ಸೇವೆ ನಿಲ್ಲಿಸುವಾಗ, ಕೊಂಡವರು ತಮ್ಮಷ್ಟಕ್ಕೆ ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದಷ್ಟೇ ಬೇಡಿಕೆ. ಯುರೋಪಿಯನ್ ಒಕ್ಕೂಟದಲ್ಲಿ ಈ ಕುರಿತ ನಾಗರಿಕರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಯೂಬಿಸಾಫ್ಟ್ ತಾನೇ 'ದಿ ಕ್ರ್ಯೂ' ಸರಣಿಯ ಮುಂದಿನ ಎರಡು ಗೇಮ್‌ಗಳಿಗೆ ಆಫ್‌ಲೈನ್ ಸೌಲಭ್ಯ ಕೊಡುವುದಾಗಿ 2024ರಲ್ಲಿ ಪ್ರಕಟಿಸಿತು. ಮಾಡಲು ಬರುತ್ತದೆ ಎಂದಾಯಿತಲ್ಲ! ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನೊಂದು 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಮಾರುತ್ತಿರುವುದು ಲೈಸೆನ್ಸ್ ಮಾತ್ರವಾಗಿದ್ದರೆ ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳದೆ 'ಕೊಳ್ಳಿ' ಎಂಬ ಪದ ಬಳಸುವಂತಿಲ್ಲ ಎನ್ನುತ್ತದೆ ಅದು.

ಇದೆಲ್ಲ ಒಂದಿಷ್ಟು ಆಟದ ಹುಚ್ಚಿನವರ ಗೋಳೆಂದು ತಳ್ಳಿಹಾಕಬಾರದು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಗೇಮ್‌ಗಳಲ್ಲಿ ಶೇಕಡ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ನಮ್ಮ ಕಣ್ಣೆದುರಿನ ಉದಾಹರಣೆ ಇಎ ಸ್ಪೋರ್ಟ್ಸ್‌ನ 'ಕ್ರಿಕೆಟ್ 07'. ಸೈಬರ್ ಸೆಂಟರ್‌ಗಳ ಕಾಲದಲ್ಲಿ ಬೆಳೆದ ಒಂದು ತಲೆಮಾರಿಗೆ ಕಂಪ್ಯೂಟರ್ ಕ್ರಿಕೆಟ್ ಎಂದರೆ ಅದೇ. ಇವತ್ತು ಹಣ ಕೊಡುತ್ತೇನೆಂದರೂ ಯಾವ ಡಿಜಿಟಲ್ ಅಂಗಡಿಯಲ್ಲೂ ಅದು ಸಿಗದು. ಅಭಿಮಾನಿಗಳು ತಾವೇ ಹೊಸ ಆಟಗಾರರ ಹೆಸರು, ಜೆರ್ಸಿ ಸೇರಿಸಿ ಅದನ್ನು ಉಳಿಸಿಕೊಂಡಿದ್ದಾರೆ. ಮಾರುವವರೇ ಇಲ್ಲದಾಗ ಜನ ಕಳ್ಳಪ್ರತಿಯತ್ತ ಹೋಗುತ್ತಾರೆ. ಅದಕ್ಕೆ ಅವರನ್ನು ಮಾತ್ರ ದೂರಿದರೆ ಆಗದು.

ಕೊಳ್ಳುವವರು ಮಾಡಬಹುದಾದ್ದು ಸ್ವಲ್ಪವಿದೆ. ನಿಜವಾದ ಕಾರು, ಫುಟ್‌ಬಾಲ್ ಲೀಗ್, ಸಿನಿಮಾ ಪಾತ್ರ, ಹೆಸರಾಂತ ಹಾಡು ಇರುವ ಗೇಮಿಗೆ ನಾಲ್ಕೈದು ವರ್ಷ ಕಳೆದಿದ್ದರೆ, ಮುಂದೆ ಕೊಂಡರಾಯಿತು ಎಂದು ಬಿಡಬೇಡಿ. ಅಂಥ ಗೇಮ್ ಎಂದಿಲ್ಲದಷ್ಟು ಅಗ್ಗವಾದರೆ ಅದರ ಪುಟದಲ್ಲಿ ಸೂಚನೆ ಏನಾದರೂ ಇದೆಯೇ ಓದಿ. ಒಂದೇ ಗೇಮ್ ಎರಡು ಕಡೆ ಸಿಗುತ್ತಿದ್ದರೆ ಗಾಗ್‌ನಂಥ ಅಂಗಡಿಯಲ್ಲಿ ಕೊಳ್ಳುವುದು ಕ್ಷೇಮ. ಅಲ್ಲಿ ಬೀಗವಿಲ್ಲದ ಇನ್‌ಸ್ಟಾಲರ್ ಕಡತ ಸಿಗುತ್ತದೆ, ಅದನ್ನು ನಿಮ್ಮದೇ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡರೆ ಅಂಗಡಿ ಮುಚ್ಚಿದರೂ ಗೇಮ್ ನಿಮ್ಮ ಬಳಿ ಇರುತ್ತದೆ. 2019ರಲ್ಲಿ ಸಂಗೀತದ ಹಕ್ಕು ಮುಗಿದು ಹೊರಬಿದ್ದಿದ್ದ 'ಆಲ್ಫಾ ಪ್ರೊಟೊಕಾಲ್' 2024ರಲ್ಲಿ ಮರಳಿದ್ದೂ ಅದೇ ಅಂಗಡಿಯಲ್ಲಿ, ಅದೂ ಮೂಲ ಹಾಡುಗಳ ಸಮೇತ. ಹಳೆಯ ಕನ್ಸೋಲ್ ಮನೆಯಲ್ಲಿದ್ದರೆ, ಡೌನ್‌ಲೋಡ್ ಸೇವೆ ನಡೆಯುತ್ತಿರುವಾಗಲೇ ಕೊಂಡ ಗೇಮ್‌ಗಳನ್ನೆಲ್ಲ ಇಳಿಸಿಟ್ಟುಕೊಳ್ಳಿ. ಒಬ್ಬರೇ ಆಡುವುದಕ್ಕೂ ಸದಾ ಇಂಟರ್‌ನೆಟ್ ಬೇಕು ಎಂದು ಬರೆದಿರುವ ಗೇಮಿಗೆ ಪೂರ್ತಿ ಬೆಲೆ ಕೊಡುವ ಮುನ್ನ ಎರಡು ಸಲ ಯೋಚಿಸಿ.

ಗೇಮ್ ಮಾಡುವವರಿಗೂ ಒಂದು ಮಾತು. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಈಗ ಸಣ್ಣ ತಂಡಗಳು ತಮ್ಮದೇ ಗೇಮ್ ಕಟ್ಟುತ್ತಿವೆ. ಒಂದು ಹಾಡಿಗೋ ಒಂದು ಪಾತ್ರಕ್ಕೋ ಕರಾರು ಬರೆಯುವಾಗ ಅವಧಿ ಎಷ್ಟು ವರ್ಷ ಎಂಬ ಕಡೆ ನಿಂತು ಓದಿ. ಶಾಶ್ವತ ಹಕ್ಕು ಸಿಕ್ಕರೆ ಪಡೆಯಿರಿ, ಸಿಗದಿದ್ದರೆ ಊರಿನ ಸಂಗೀತಗಾರರಿಂದ ಹೊಸ ಹಾಡು ಮಾಡಿಸಿ ಅದರ ಹಕ್ಕನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿ.